ಕೊಳವೆಗೆ ಮೀಸೆ ಬಂದ ಬೆಳಿಗ್ಗೆ

ಒಲೆ ಕಟ್ಟುವ ಕೆಲಸ ಕಲಿಯಬೇಕೆಂದು ಈಚೆಗೆ ಕೆಲವು ಹೆಣ್ಣುಮಕ್ಕಳು ನನ್ನ ಮನೆಗೆ ಬರುತ್ತಾರೆ. ಅವರು ಮೊದಲು ಕೇಳುವುದು ಅಳತೆ. ಒಲೆಯ ಬಾಯಿ ಎಷ್ಟು ಅಗಲ ಇರಬೇಕು, ಹಂಡೆಯ ತಳಕ್ಕೂ ಬೆಂಕಿಗೂ ಎಷ್ಟು ಅಂತರ ಬಿಡಬೇಕು, ಕೊಳವೆಯನ್ನು ಎಲ್ಲಿ ಕೂರಿಸಬೇಕು. ಅಳತೆ ಹೇಳಿಕೊಡುತ್ತೇನೆ. ಆದರೆ ಅದಕ್ಕೂ ಮೊದಲು ಅವರನ್ನು ಬೀದಿಗೆ ಕರೆದುಕೊಂಡು ಹೋಗಿ, ತಲೆ ಎತ್ತಿ ನೋಡಿ ಅನ್ನುತ್ತೇನೆ. ಯಾರ ಮನೆಯ ಕೊಳವೆಯಲ್ಲಿ ಹೊಗೆ ಹೋಗುತ್ತಿದೆ, ಯಾರದರಲ್ಲಿ ಹೋಗುತ್ತಿಲ್ಲ? ಅವರು ಮುಖ ಮುಖ ನೋಡಿಕೊಳ್ಳುತ್ತಾರೆ. ಈ ಮುದುಕಿಗೆ ಊರವರ ಮನೆ ವಿಷಯ ಯಾಕೆ ಅಂತ ಅನ್ನಿಸುತ್ತಿರಬೇಕು. ಯಾಕೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಕಣ್ಣಾರೆ ಕಂಡದ್ದನ್ನು ಕಂಡೆ ಎಂದೂ, ಬೇರೆಯವರು ಹೇಳಿದ್ದನ್ನು ಹೇಳಿದರು ಎಂದೂ ಬರೆಯುತ್ತೇನೆ. ಎರಡನ್ನೂ ಬೆರೆಸುವುದಿಲ್ಲ.

ನನ್ನ ಹೆಸರು ರತ್ನಮ್ಮ. ಹುತ್ತೂರು ಹೋಬಳಿಯವಳು. ಹೊಗೆ ಇಲ್ಲದ ಒಲೆ ಕಟ್ಟುವುದಕ್ಕೆ ಹೆಂಗಸರಿಗೆ ತರಬೇತಿ ಕೊಡುತ್ತೇವೆ ಎಂದು ಸರ್ಕಾರದವರು ಊರಿಗೆ ಬಂದಾಗ ನನ್ನನ್ನು ಮುಂದೆ ತಳ್ಳಿದವರು ನಮ್ಮತ್ತೆ. "ಮನೇಲಿ ಒಲೆ ಮುಂದೆ ಕೂತ್ಕೊಂಡು ಅಳೋದರ ಬದಲು ಬೇರೆಯವರ ಮನೆ ಒಲೆ ಮುಂದೆ ಅಳು, ಹೋಗು. ಅಲ್ಲಾದ್ರೆ ಸಂಬಳ ಕೊಡ್ತಾರೆ" ಎಂದರು. ಹಾಗೆ ಹೊರಟವಳು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಸುತ್ತಿ ಒಲೆ ಕಟ್ಟಿದೆ. ಯೋಜನೆ ನಿಂತುಹೋದ ಮೇಲೂ ಜನ ಕರೆಯುವುದು ನಿಲ್ಲಲಿಲ್ಲ. ಗ್ಯಾಸ್ ಬಂತಲ್ಲ, ಇನ್ನು ನಿನ್ನ ಕೆಲಸ ಮುಗಿಯಿತು ಎಂದವರೇ ವಾರ ಕಳೆದು ಫೋನ್ ಮಾಡುತ್ತಿದ್ದರು. ಗ್ಯಾಸಿನ ಮೇಲೆ ಅವರು ಕಾಫಿ ಕಾಯಿಸುತ್ತಾರೆ, ಒಗ್ಗರಣೆ ಹಾಕುತ್ತಾರೆ. ಮನೆಮಂದಿಗೆಲ್ಲ ಸ್ನಾನದ ನೀರು, ನೆಂಟರು ಬಂದಾಗ ದೊಡ್ಡ ಪಾತ್ರೆಯ ಮುದ್ದೆ ಇವತ್ತಿಗೂ ಸೌದೆಯ ಮೇಲೆಯೇ. ನಮ್ಮ ಕಡೆ ಹಿಪ್ಪುನೇರಳೆಯ ಸೊಪ್ಪು ರೇಷ್ಮೆ ಹುಳಕ್ಕೆ ಹೋಗುತ್ತದೆ, ಕಡ್ಡಿ ಒಲೆಗೆ ಬರುತ್ತದೆ. ಬಿಟ್ಟಿ ಬರುವ ಕಡ್ಡಿಯನ್ನು ಯಾರು ಬಿಡುತ್ತಾರೆ.

ನಾನು ಕಟ್ಟಿದ ಕೊನೆಯ ಒಲೆ ಕುರುಡುಮಲೆಯಿಂದ ಸ್ವಲ್ಪ ಆಚೆಗಿನ ಒಂದು ಊರಿನಲ್ಲಿದೆ. ಅದನ್ನು ಎರಡು ಸಲ ಕಟ್ಟಬೇಕಾಯಿತು.

ಆ ಒಲೆ ಕಟ್ಟಿಸಿದವರು ಮುನಿಯಮ್ಮಜ್ಜಿ. ಅವರು ನನ್ನನ್ನು ಹುಡುಕಿಕೊಂಡು ಬಸ್ಸಿನಲ್ಲಿ ಬಂದಿದ್ದರು. ತೊಡೆಯ ಮೇಲೆ ತಾಮ್ರದ ಹಂಡೆ. ಅಳತೆಗೆ ಬೇಕಾಗುತ್ತದೆ ಎಂದು ಹಂಡೆಯನ್ನೇ ತಂದಿದ್ದರು. ಕಂಡಕ್ಟರ್ ಹಂಡೆಗೂ ಟಿಕೆಟ್ ತಗೋಬೇಕು ಎಂದನಂತೆ. "ಈ ಹಂಡೆ ನಿಮ್ಮ ತಾತನಿಗಿಂತ ದೊಡ್ಡದು ಕಣಪ್ಪ, ಹಿರಿಯರಿಗೆ ಟಿಕೆಟ್ ಕೇಳ್ತೀಯ?" ಎಂದು ಅವನ ಬಾಯಿ ಮುಚ್ಚಿಸಿದ್ದನ್ನು ಕೂತ ಕೂಡಲೇ ಹೇಳಿದರು.

"ಮೊಮ್ಮಗಳು ಪವಿತ್ರ ಚೊಚ್ಚಲು ಬಾಣಂತನಕ್ಕೆ ಬರ್ತಾಳೆ ತಲ್ಲೀ. ಮಗ ಹೊಸ ಮನೆ ಕಟ್ಟವ್ನೆ. ಬಚ್ಚಲಲ್ಲಿ ಕರೆಂಟ್ ಗೀಸರ್ ಹಾಕವ್ನೆ. ಬಾಣಂತಿಗೆ ಕರೆಂಟ್ ನೀರು ಹುಯ್ಯೋಕಾಗುತ್ತಾ? ಆ ನೀರು ಬಿಸಿ ಇರುತ್ತೆ, ಕಾವಿರಲ್ಲ."

ಆಂಧ್ರದ ಗಡಿಗೆ ಹತ್ತಿರದ ಆ ಊರುಗಳಲ್ಲಿ ತೆಲುಗಿನ 'ತಲ್ಲಿ', ಅಂದರೆ ತಾಯಿ, ಎಂದು ಸೇರಿಸಿ ಮಾತಾಡಿದರೆ ಪ್ರೀತಿ ಎಂದು ಅರ್ಥ. ಬೈಯುವಾಗಲೂ ಅದನ್ನೇ ಸೇರಿಸುತ್ತಾರೆ ಎನ್ನುವುದು ನನಗೆ ಆಮೇಲೆ ಗೊತ್ತಾಯಿತು.

ಅವರ ಊರಿಗೆ ಹೋಗಿ ಮನೆ ನೋಡಿದೆ. ಒಳ್ಳೆಯ ಮನೆ. ಬಚ್ಚಲಿನ ಗೋಡೆಗೆ ಮೇಲಿನವರೆಗೂ ಟೈಲ್ಸು, ಗಾಜಿನ ಕಿಟಕಿ, ಚೌಕಟ್ಟಿಗೆ ಅಂಟಿದಂತೆ ಕೂರುವ ಬಾಗಿಲು. ಇರುವೆ ಒಳಗೆ ಬರಬೇಕಾದರೂ ಬಾಗಿಲು ತಟ್ಟಬೇಕು. ಹಿಂದಿನ ಬಚ್ಚಲುಗಳಲ್ಲಿ ಹೆಂಚಿನ ಸಂದಿಯಿಂದ ಬಿಸಿಲು ಬೀಳುತ್ತಿತ್ತು, ಬಾಗಿಲಿನ ಕೆಳಗೆ ಬೆಕ್ಕು ನುಗ್ಗುವಷ್ಟು ಜಾಗ ಇರುತ್ತಿತ್ತು. ಅಲ್ಲಿ ಒಲೆ ಹೇಗೆ ಕಟ್ಟಿದರೂ ನಡೆಯುತ್ತಿತ್ತು. ಈ ಬಚ್ಚಲಿನಲ್ಲಿ ನಡೆಯುವುದಿಲ್ಲ. ಅದಕ್ಕೇ ನಾನು ಹೇಳಿದೆ: "ಅಜ್ಜಿ, ಹಂಡೆ ಗೋಡೆಯೊಳಗೆ ಕೂರಿಸೋಣ. ನೀರು ಒಳಗೆ, ಒಲೆ ಬಾಯಿ ಹೊರಗೆ. ಬೆಂಕಿ ಹೊರಗೇ ಇರ್ಲಿ."

"ಹೊರಗೆ ಅಂದ್ರೆ ಬೀದಿ ಕಡೆ. ಬಾಣಂತಿ ನೀರಿನ ಉರೀನ ಊರೋರೆಲ್ಲಾ ನೋಡ್ಕೊಂಡು ಹೋಗ್ಬೇಕಾ? ದೃಷ್ಟಿ ಆಗುತ್ತೆ."

"ಒಲೆ ಉರಿಗೆ ಯಾರಜ್ಜಿ ದೃಷ್ಟಿ ಹಾಕ್ತಾರೆ?"

"ಎದುರುಮನೆ ಗಂಗಮ್ಮ" ಎಂದರು, ಯೋಚನೆಯನ್ನೇ ಮಾಡದೆ. "ನಮ್ಮ ಕರೂನ ನೋಡಿ 'ಎಷ್ಟು ಚೆನ್ನಾಗೈತೆ' ಅಂದ್ಳು. ಇವತ್ತಿಗೂ ಅದು ಅವಳ ಮನೆ ಕಡೆ ನೋಡಿದ್ರೆ ಬಾಲ ಎತ್ಕೊಂಡು ಓಡುತ್ತೆ."

ಅಜ್ಜಿಯ ಸೊಸೆ, ಪವಿತ್ರಾಳ ತಾಯಿ ಸರೋಜಮ್ಮ, ಹಿಂದೆ ನಿಂತುಕೊಂಡು ನನಗೆ ಕಣ್ಣಿನಲ್ಲೇ ಕ್ಷಮೆ ಕೇಳಿದರು. ಮನೆಯಲ್ಲಿ ಅಜ್ಜಿಗೆ ಎದುರು ಮಾತಾಡುವವರು ಇರಲಿಲ್ಲ ಎನ್ನುವುದು ಆ ಒಂದು ನೋಟದಲ್ಲೇ ತಿಳಿಯಿತು.

ಕೆಂಡದ ಗಾಳಿಯ ವಿಷಯ ತಿಳಿಸಿ ಹೇಳಿದೆ. ಹೊಗೆ ಕಣ್ಣಿಗೆ ಕಾಣುತ್ತದೆ, ಕೆಮ್ಮಿಸುತ್ತದೆ, ನಮ್ಮನ್ನು ಹೊರಗೆ ಓಡಿಸುತ್ತದೆ. ಅದು ಒಂದು ಲೆಕ್ಕದಲ್ಲಿ ಪ್ರಾಮಾಣಿಕ ಶತ್ರು. ಉರಿ ಆರಿ ಕೆಂಡವಾದ ಮೇಲೆ ಬರುವ ಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಕೋಣೆಯಲ್ಲಿ ಅದು ತುಂಬಿಕೊಂಡರೆ ತಲೆ ನೋಯುತ್ತದೆ, ಜೋಂಪು ಹತ್ತುತ್ತದೆ, ಆಮೇಲೆ ಏಳಲು ಆಗುವುದಿಲ್ಲ.

ಅಜ್ಜಿ ಗಮನವಿಟ್ಟು ಕೇಳಿದರು. "ಕಾಣಲ್ಲ, ವಾಸನೆ ಬರಲ್ಲ. ಇದೆ ಅಂತ ನಿಂಗೆ ಹೆಂಗೆ ಗೊತ್ತು?"

"ದೃಷ್ಟೀನೂ ಕಾಣಲ್ಲವಲ್ಲ ಅಜ್ಜಿ."

"ದೃಷ್ಟಿಗೆ ಗಂಗಮ್ಮ ಇದಾಳೆ. ನಿನ್ನ ಗಾಳಿಗೆ ಯಾರಿದಾರೆ?"

ಕೊನೆಗೆ ರಾಜಿಯಾಯಿತು. ಒಲೆಯ ಬಾಯಿ ಒಳಗೇ ಇರಲಿ. ಅದಕ್ಕೆ ಬದಲಾಗಿ ನೆಲದ ಹತ್ತಿರ ಗೋಡೆಯಲ್ಲಿ ಒಂದು ಕಿಂಡಿ, ಸೂರಿನ ಕೆಳಗೆ ಇನ್ನೊಂದು ಕಿಂಡಿ, ತಾರಸಿಯ ಗೋಡೆಗಿಂತ ಎತ್ತರಕ್ಕೆ ಕೊಳವೆ, ಸ್ನಾನದ ಹೊತ್ತಿನಲ್ಲಿ ಬಾಗಿಲಿಗೆ ಚಿಲಕ ಹಾಕುವಂತಿಲ್ಲ. ಅಜ್ಜಿ ಎಲ್ಲದಕ್ಕೂ "ಸರೇ" ಎಂದರು. ಅಷ್ಟು ಸಲೀಸಾಗಿ ಸರೇ ಅಂದಾಗಲೇ ನನಗೆ ಸಮಾಧಾನವಾಗಲಿಲ್ಲ.

ಕೊಳವೆಯ ವಿಷಯದಲ್ಲಿ ನಾನು ಯಾಕೆ ಅಷ್ಟು ಹಠ ಹಿಡಿಯುತ್ತೇನೆ ಎನ್ನುವುದಕ್ಕೆ ಹಿಂದಿನ ಕೆಲವು ಒಲೆಗಳೇ ಕಾರಣ. ಅವನ್ನೂ ಹೇಳಿಬಿಡುತ್ತೇನೆ.

ಕೆಲಸದ ಮೊದಲ ದಿನಗಳಲ್ಲಿ ನಮಗೆ ಮೇಲಧಿಕಾರಿಯಾಗಿದ್ದವರು ಕೃಷ್ಣಪ್ಪನವರು. ಒಳ್ಳೆಯ ಮನುಷ್ಯ. ಒಲೆಗಳ ಮೇಲ್ವಿಚಾರಣೆ ಅವರ ಕೆಲಸ, ಬಿಳಿ ಷರ್ಟು ಅವರ ಹಠ. ಆವನಿಯ ಹತ್ತಿರದ ಒಂದು ಹಳ್ಳಿಯಲ್ಲಿ ಮೊದಲ ಒಲೆಯ ಉದ್ಘಾಟನೆಗೆ ದೊಡ್ಡ ಸಾಹೇಬರು ಬರುವವರಿದ್ದರು. ಕಲ್ಲಿನ ಫಲಕದ ಮೇಲಿನ ಪರದೆ ಎಳೆಯುವ ಹಾಗೆ ಇಲ್ಲೂ ಏನಾದರೂ ಎಳೆಯಬೇಕು ಎಂದು ಕೃಷ್ಣಪ್ಪನವರಿಗೆ ಆಸೆ. ಕೊಳವೆಯ ತುದಿಗೆ ಹಳದಿ ಬಟ್ಟೆ ಸುತ್ತಿಸಿ, ಅದಕ್ಕೊಂದು ದಾರ ಕಟ್ಟಿ, ಹೆಂಚಿನ ಸಂದಿಯಿಂದ ಅಡಿಗೆಮನೆಯೊಳಗೆ ಇಳಿಬಿಡಿಸಿದರು. ಸಾಹೇಬರು ದಾರ ಎಳೆಯುತ್ತಾರೆ, ಬಟ್ಟೆ ಬೀಳುತ್ತದೆ, ಒಲೆ ಹಚ್ಚುತ್ತಾರೆ, ಹೊಗೆ ಮೇಲಕ್ಕೆ ಹೋಗುತ್ತದೆ. ಹೀಗೆ ಲೆಕ್ಕ.

ಸಾಹೇಬರು ದಾರ ಎಳೆದರು. ದಾರ ಕೈಗೆ ಬಂತು. ಬಟ್ಟೆ ಅಲ್ಲೇ ಉಳಿಯಿತು. ಒಳಗಿದ್ದವರಿಗೆ ಅದು ಕಾಣುವ ಹಾಗಿರಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು, ಸಾಹೇಬರು ಒಲೆ ಹಚ್ಚಿ ಭಾಷಣಕ್ಕೆ ನಿಂತರು. "ಇನ್ನು ಮುಂದೆ ನಮ್ಮ ತಾಯಂದಿರ ಕಣ್ಣಲ್ಲಿ ನೀರು ಬರುವುದಿಲ್ಲ" ಎನ್ನುವ ಹೊತ್ತಿಗೆ ಅವರ ಕಣ್ಣಲ್ಲೇ ಧಾರಾಕಾರವಾಗಿ ಬರುತ್ತಿತ್ತು. ಹೆಂಗಸರು ಇಷ್ಟು ಕರುಣೆಯುಳ್ಳ ಅಧಿಕಾರಿಯನ್ನು ಕಂಡಿರಲಿಲ್ಲ. ತಾವೂ ಅತ್ತರು. ಆಮೇಲೆ ಎಲ್ಲರಿಗೂ ಕೆಮ್ಮು ಬಂತು.

ಕೃಷ್ಣಪ್ಪನವರು ಹೊರಗೆ ಓಡಿ ಏಣಿ ಹತ್ತಿದರು. ನಾನು ಒಳಗೇ ಇದ್ದೆ, ಆದ್ದರಿಂದ ಇದು ಕಂಡದ್ದು: ಮೊದಲು ಸೂರಿನಿಂದ ಒಂದು ಹೆಂಚು ಬಿತ್ತು, ಅದರ ಹಿಂದೆಯೇ ಬೂಟು ಹಾಕಿದ ಒಂದು ಕಾಲು ಇಳಿದುಬಂತು. ಕಾಲು ಸ್ವಲ್ಪ ಹೊತ್ತು ನೆಲ ಹುಡುಕಿತು. ಸಿಗಲಿಲ್ಲ. ಹಾಗೆ ಒಂದು ಕಾಲು ನಮ್ಮ ಜೊತೆಗೆ ಬಿಟ್ಟುಕೊಂಡೇ ಅವರು ಮೇಲೆ ಕೊಳವೆಗೆ ಸುತ್ತಿದ್ದ ಬಟ್ಟೆ ಬಿಚ್ಚಿದರು. ಕೆಳಗಿಳಿದಾಗ ಷರ್ಟಿನಲ್ಲಿ ಬಿಳಿ ಉಳಿದಿದ್ದದ್ದು ಕಂಕುಳಲ್ಲಿ ಮಾತ್ರ. ಸಾಹೇಬರು ಹೋದ ಮೇಲೆ ನಮ್ಮನ್ನೆಲ್ಲ ಕೂರಿಸಿಕೊಂಡು ಒಂದೇ ಮಾತು ಹೇಳಿದರು: "ಬೆಂಕಿ ಕಡ್ಡಿ ಗೀರೋ ಮುಂಚೆ ಹೊರಗೆ ಹೋಗಿ ಕೊಳವೆ ತುದಿ ನೋಡ್ರಮ್ಮ. ನನ್ನ ಹಾಗೆ ಆಮೇಲೆ ನೋಡಬೇಡಿ." ನಾನು ಬೀದಿಯಲ್ಲಿ ತಲೆ ಎತ್ತಿಕೊಂಡು ನಡೆಯುವುದನ್ನು ಕಲಿತದ್ದು ಅವರಿಂದ.

ಕೊಳವೆ ತೆರೆದಿದ್ದರೂ ಸಾಲದು, ಒಳಗೆ ದಾರಿ ಇರಬೇಕು. ಅದನ್ನು ಕಲಿಸಿದ್ದು ಶ್ರೀನಿವಾಸಪುರದ ಕಡೆಯ ಒಂದು ಮಾವಿನ ತೋಟದ ಮನೆ. ನಾನು ಕಟ್ಟಿದ ಒಲೆ ಚೆನ್ನಾಗಿಯೇ ಉರಿಯುತ್ತಿತ್ತು, ಇದ್ದಕ್ಕಿದ್ದಂತೆ ಹೊಗೆ ಹಿಂದಕ್ಕೆ ಬರುತ್ತಿದೆ, ಜೊತೆಗೆ ವಾಸನೆ ಎಂದು ದೂರು ಬಂತು. ಹಸಿ ಮಾವಿನ ಸೌದೆ ಹಾಕಿರಬೇಕು ಎಂದುಕೊಂಡು ಹೋದೆ. ಹಸಿ ಸೌದೆ ಹಾಕಿದರೆ ಕೊಳವೆಯೊಳಗೆ ಮಸಿ ಅಂಟಂಟಾಗಿ ಕಟ್ಟುತ್ತದೆ, ಒಂದು ದಿನ ಆ ಮಸಿಗೇ ಬೆಂಕಿ ಹತ್ತುತ್ತದೆ. ಸೌದೆ ನೋಡಿದೆ, ಒಣಗಿತ್ತು. ಒಲೆ ಹಚ್ಚಿಸಿ ಮೂಸಿದೆ. ಅದು ಸೌದೆಯ ವಾಸನೆಯಲ್ಲ. ಮನೆಯ ಯಜಮಾನ ಚೌಡಪ್ಪ ತಾತ ಜಗಲಿಯ ಮೇಲೆ ಕುಳಿತು ಆಕಾಶ ನೋಡುತ್ತಿದ್ದರು. ಆಕಾಶದಲ್ಲಿ ಏನೂ ಇರಲಿಲ್ಲ.

ಕೊಳವೆಯ ಬುಡದಲ್ಲಿ ಮಸಿ ತೆಗೆಯುವುದಕ್ಕೆಂದು ಒಂದು ಸಣ್ಣ ಬಾಗಿಲು ಇಡುತ್ತೇವೆ. ತಿಂಗಳಿಗೊಮ್ಮೆ ಅದನ್ನು ತೆರೆದು ಗುಡಿಸಬೇಕು. ಒಲೆ ಆರಿಸಿ, ಅದನ್ನು ತೆರೆದು ಕೈ ಹಾಕಿದೆ. ಬೀಡಿ ಕಟ್ಟುಗಳು ಬಂದವು, ಒಂದರ ಹಿಂದೆ ಒಂದು, ಅರ್ಧ ಸುಟ್ಟವು, ಪೂರ್ತಿ ಸುಟ್ಟವು. ಡಾಕ್ಟರು ಬೀಡಿ ಬಿಡಿ ಎಂದಿದ್ದರು. ಹೆಂಡತಿ ಮನೆಯ ಮೂಲೆ ಮೂಲೆ ಹುಡುಕುತ್ತಿದ್ದರು. ಯಾರೂ ಹುಡುಕದ ಜಾಗ ಇದೊಂದೇ ಎಂದು ತಾತ ಕಂಡುಕೊಂಡಿದ್ದರು. ಬೇಸಿಗೆಯೆಲ್ಲ ಹೊರಗೆ ಅಡಿಗೆ ಮಾಡುತ್ತಿದ್ದಾಗ ಅದು ಒಳ್ಳೆಯ ಜಾಗವೇ. ಮಳೆ ಬಂದು ಒಲೆ ಹಚ್ಚಿದ್ದೇ ಕೆಟ್ಟಿತು.

"ನೋಡಿ ತಾತ, ನೀವು ಬಿಟ್ರೂ ನಿಮ್ಮ ಒಲೆ ಬೀಡಿ ಬಿಟ್ಟಿಲ್ಲ" ಎಂದೆ.

"ಅದಕ್ಕೂ ಡಾಕ್ಟರ್‌ಗೆ ತೋರ್ಸು" ಎಂದರು. ಹೆಂಡತಿ ನಗಲಿಲ್ಲ.

ಈಚೆಗೆ ಮಣ್ಣಿನ ಒಲೆಯ ಜಾಗಕ್ಕೆ ಕಬ್ಬಿಣದ ಒಲೆಗಳು, ತಗಡಿನ ಕೊಳವೆಗಳು ಬಂದಿವೆ. ನನಗೆ ಅವುಗಳ ಪರಿಚಯವಾದದ್ದು ಮಾಲೂರಿನ ಹತ್ತಿರ ಇಟ್ಟಿಗೆ ಗೂಡು ಇಟ್ಟುಕೊಂಡಿರುವ ಒಬ್ಬರ ತೋಟದ ಮನೆಯಲ್ಲಿ. ಅವರು ಫೋನಿನಲ್ಲಿ ಒಂದು ವಿಡಿಯೋ ತೋರಿಸಿದರು. ಕಬ್ಬಿಣದ ಒಲೆ, ಸುತ್ತ ಕುಳಿತ ಜನ, ಕಿಟಕಿಯ ಹೊರಗೆ ಹಿಮ. "ಇದೇ ಥರ ಬೇಕಮ್ಮ" ಎಂದರು. ಹಿಮವನ್ನು ಬಿಟ್ಟು ಉಳಿದದ್ದನ್ನು ಮಾಡಬಹುದು ಎಂದೆ. ಒಂದೇ ತೊಂದರೆ: ಅವರ ಮನೆಯ ಸೂರಿನ ಕೆಳಗೆ ಪ್ಲಾಸ್ಟಿಕ್ ಹಲಗೆಯ ಇನ್ನೊಂದು ಸೂರು ಹೊಡೆಸಿದ್ದರು, ಕೊಳವೆ ಅದನ್ನು ಕೊರೆದುಕೊಂಡು ಹೋಗಬೇಕಿತ್ತು. ಬಿಸಿ ತಗಡು ಪ್ಲಾಸ್ಟಿಕ್ಕಿಗೆ ತಾಗಿದರೆ ಮನೆಯೇ ಉಳಿಯುವುದಿಲ್ಲ. ಕೊಳವೆಯ ಸುತ್ತ ಅಗಲವಾಗಿ ಹಲಗೆ ಕತ್ತರಿಸಿ ತೆಗೆಯೋಣ ಎಂದು ನಾನು ಹೇಳಿದೆ. ಅವರು ತಮ್ಮ ಗೂಡಿನ ಕೆಲಸದಿಂದ ಬಲ್ಲ ಬೆಂಕಿ ತಡೆಯುವ ಒಂದು ಬಿಳಿ ಉಣ್ಣೆ ತರಿಸಿ, ಕೊಳವೆಗೆ ಅದನ್ನು ಸುತ್ತಿ ಮೇಲೆ ಇನ್ನೊಂದು ತಗಡು ಹೊದಿಸುವುದನ್ನು ನನಗೆ ತೋರಿಸಿಕೊಟ್ಟರು. ಎರಡನ್ನೂ ಮಾಡಿದೆವು. ಆ ಮೇಲೆ ಎಲ್ಲ ಕಡೆಯೂ ನಾನು ಹಾಗೇ ಮಾಡಿದೆ.

ಒಲೆ ಹಚ್ಚಿದ ದಿನ ಮನೆಯವರೆಲ್ಲ ಬೆವರಿಕೊಂಡು ಜಗಲಿಗೆ ಓಡಿದರು. ಯಜಮಾನರೊಬ್ಬರೇ ತಲೆಗೆ ಒದ್ದೆ ಟವಲು ಹಾಕಿಕೊಂಡು ಬೆಂಕಿಯ ಮುಂದೆ ಕುಳಿತು, ಎಷ್ಟು ಹಾಯಾಗಿದೆ ಎಂದು ಒಳಗಿನಿಂದ ಕೂಗಿ ಹೇಳುತ್ತಿದ್ದರು. ಮರುದಿನ ಅವರ ಮನೆಯ ಕೆಲಸದಾಕೆ ಆರಿದ ಬೂದಿ ಎಂದು ಪ್ಲಾಸ್ಟಿಕ್ ಬಕೆಟ್ಟಿಗೆ ತುಂಬಿದರು. ಬೂದಿಯ ಹೊಟ್ಟೆಯಲ್ಲಿ ಕೆಂಡ ಎಷ್ಟು ಹೊತ್ತು ಬೇಕಾದರೂ ನಿದ್ದೆ ಮಾಡುತ್ತದೆ. ಮಧ್ಯಾಹ್ನದ ಹೊತ್ತಿಗೆ ಬಕೆಟ್ಟು ಕಾದ ಕಾವಲಿಯ ಮೇಲಿನ ದೋಸೆ ಹಿಟ್ಟಿನ ಹಾಗೆ ನೆಲಕ್ಕೆ ಹರಡಿಕೊಂಡಿತ್ತು, ಹಿಡಿ ಮಾತ್ರ ನೆಟ್ಟಗಿತ್ತು. ಬೂದಿಯನ್ನು ಕಬ್ಬಿಣದ ಬಾಣಲೆಯಲ್ಲಿ ತುಂಬಿ ಮನೆಯ ಹೊರಗೆ ಇಡಿ. ಮುಟ್ಟಿ ತಣ್ಣಗಿದೆ ಎಂದು ನಂಬಬೇಡಿ.

ಈಗ ಮುನಿಯಮ್ಮಜ್ಜಿಯ ಮನೆಗೆ ಬರುತ್ತೇನೆ.

ಒಲೆ ಕಟ್ಟಿ, ಒಣಗಿಸಿ, ಸಣ್ಣ ಉರಿ ಹಾಕಿ, ಒಲೆಯ ಬಾಯಿಯ ಹತ್ತಿರ ಊದುಬತ್ತಿ ಹಿಡಿದು ತೋರಿಸಿದ್ದೆ. ಊದುಬತ್ತಿಯ ಹೊಗೆ ಒಳಕ್ಕೆ ಎಳೆದುಕೊಂಡರೆ ಒಲೆ ಸರಿಯಾಗಿ ಉಸಿರಾಡುತ್ತಿದೆ, ಮುಖಕ್ಕೆ ಬಂದರೆ ಎಲ್ಲೋ ಕಟ್ಟಿದೆ. ಅಜ್ಜಿ ಊದುಬತ್ತಿಗೆ ಕೈ ಮುಗಿದರು. ಪವಿತ್ರಾಳಿಗೆ ಹೆಣ್ಣು ಮಗು ಆಯಿತು, ಊರಿಗೆ ಬಂದಳು, ನೀರು ಹಾಕುವುದು ಶುರುವಾಯಿತು ಎಂದು ಸರೋಜಮ್ಮ ಫೋನಿನಲ್ಲಿ ಹೇಳಿದರು. ಬಳಸಲು ಶುರುಮಾಡಿದ ಮೇಲೆ ಒಂದು ಸಲ ಹೋಗಿ ನೋಡಿ ಬರುವುದು ನನ್ನ ರೂಢಿ. ಒಂದು ಬೆಳಿಗ್ಗೆ ಬಸ್ಸು ಹತ್ತಿದೆ.

ಬಸ್ಸು ಇಳಿಯುವ ಜಾಗದಿಂದ ಆ ಬೀದಿಯ ಮನೆಗಳು ಕಾಣುತ್ತವೆ. ಗಂಗಮ್ಮನ ಮನೆಯ ಕೊಳವೆಯಲ್ಲಿ ಹೊಗೆ ಹೋಗುತ್ತಿತ್ತು. ಅದರೆದುರು, ಮುನಿಯಮ್ಮಜ್ಜಿಯ ತಾರಸಿಯ ಮೇಲೆ, ನನ್ನ ಕೊಳವೆ ಇರಬೇಕಾದ ಜಾಗದಲ್ಲಿ ಒಬ್ಬ ಗಂಡಸು ನಿಂತು ನನ್ನನ್ನೇ ನೋಡುತ್ತಿದ್ದ. ದಪ್ಪ ಮೀಸೆ, ಕೆಂಪು ಕಣ್ಣು, ಸುಣ್ಣದ ಹಲ್ಲು. ಇನ್ನೆರಡು ಹೆಜ್ಜೆ ಹೋದ ಮೇಲೆ ತಿಳಿಯಿತು. ದೃಷ್ಟಿ ಗಡಿಗೆ. ಹೊಸ ಮನೆಗೆ, ಹೊಲಕ್ಕೆ ಮುಖ ಬರೆದು ನಿಲ್ಲಿಸುತ್ತಾರಲ್ಲ, ಅದು. ಅದನ್ನು ಕೊಳವೆಯ ತುದಿಗೆ ಕವುಚಿ ಹಾಕಿದ್ದರು.

ಮೊದಲು ನನಗೆ ನಗು ಬಂತು. ಅದನ್ನು ಮುಚ್ಚಿಡುವುದಿಲ್ಲ. ನಗುತ್ತಿರುವಾಗಲೇ ಇದು ಬಾಣಂತಿಗೆ ನೀರು ಹಾಕುವ ಹೊತ್ತು ಎನ್ನುವುದು ನೆನಪಾಯಿತು.

ನನ್ನ ಮಂಡಿ ಓಡುವ ಮಂಡಿಯಲ್ಲ. ಆದರೂ ಓಡಿದೆ. ಜಗಲಿಯ ಮೇಲೆ ಸರೋಜಮ್ಮ ಮಗುವನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡು ಕುಳಿತಿದ್ದರು. ಮಗುವಿನ ಸ್ನಾನ ಮೊದಲೇ ಆಗಿತ್ತು.

"ಪವಿತ್ರ ಎಲ್ಲಿ?"

"ಒಳಗೆ. ಅಜ್ಜಿ ನೀರು ಹುಯ್ತಾವ್ರೆ. ಯಾಕಕ್ಕ, ಏನಾಯ್ತು?"

"ಆ ಗಡಿಗೆ ಯಾರು ಇಟ್ಟಿದ್ದು?"

"ಇವತ್ತು ಅಜ್ಜಿ ನಂಗೇ ಹತ್ತಿ ಇಡು ಅಂದ್ರು. ಪವಿತ್ರಂಗೆ ನೀರು ಹಾಕಿದಾಗೆಲ್ಲಾ ತಲೆನೋವು, ತಲೆ ಸುತ್ತು. ಅಜ್ಜಿಗೂ ಅಂಗೇ. ಗಂಗಮ್ಮ ದಿನಾ ಬೆಳಿಗ್ಗೆ ನಮ್ಮ ಹೊಗೆ ನೋಡ್ತಾಳೆ, ಅದಕ್ಕೇ ದೃಷ್ಟಿ ಆಗೈತೆ ಅಂದ್ರು. ಕೆಂಡ ಆದ್ಮೇಲೆ ಹೊಗೆ ಇರಲ್ವಲ್ಲ, ಮುಚ್ಚಿದ್ರೆ ಕಾವೂ ಉಳಿಯುತ್ತೆ ಅಂತ..."

"ಕಿಂಡಿಗಳು?"

ಸರೋಜಮ್ಮ ತಲೆ ತಗ್ಗಿಸಿದರು. "ಹಳೇ ಸೀರೆ ತುರುಕವ್ರೆ. ಬಾಣಂತಿಗೆ ಗಾಳಿ ಸೋಕಬಾರ್ದು ಅಂತ."

ಕಿಂಡಿ ಮುಚ್ಚಿದ್ದಕ್ಕೆ ತಲೆನೋವು. ತಲೆನೋವಿಗೆ ದೃಷ್ಟಿ ಕಾರಣ. ದೃಷ್ಟಿಗೆ ಗಡಿಗೆ. ಗಡಿಗೆಯಿಂದ ಉಳಿದ ಒಂದು ದಾರಿಯೂ ಮುಚ್ಚಿತು. ಬರೆಯುವಾಗ ಇದು ಒಂದರ ಹಿಂದೆ ಒಂದಾಗಿ ಬರುತ್ತದೆ. ಆಗ ಎಲ್ಲವೂ ಒಟ್ಟಿಗೇ ಹೊಳೆಯಿತು.

ಬಚ್ಚಲಿನ ಬಾಗಿಲು ತಳ್ಳಿದೆ. ಚಿಲಕ ಹಾಕಿತ್ತು. ಒಳಗೆ ನೀರು ಹುಯ್ಯುವ ಸದ್ದು ಇರಲಿಲ್ಲ.

"ಅಜ್ಜಿ, ಬಾಗಿಲು ತೆಗೀರಿ."

ತುಂಬಾ ಹೊತ್ತಾದ ಮೇಲೆ, ದೂರದ ಹೊಲದಿಂದ ಬಂದ ಹಾಗೆ ಅಜ್ಜಿಯ ಧ್ವನಿ ಬಂತು. "ಆ... ತೆಗೀತೀನಿ... ಆಮೇಲೆ..."

"ಪವಿತ್ರ ಏನ್ ಮಾಡ್ತಾ ಇದಾಳೆ?"

"ಮಲಗವ್ಳೆ... ಚೆನ್ನಾಗಿ ಕಾವು ಹತ್ತೈತೆ..."

ಆ ಬಾಗಿಲು ಒಡೆಯುವ ಶಕ್ತಿ ನಮ್ಮಿಬ್ಬರಿಗೂ ಇರಲಿಲ್ಲ, ಗಾಜಿನ ಕಿಟಕಿ ಕೈಗೆ ಎಟುಕುವಂತಿರಲಿಲ್ಲ. ಅಜ್ಜಿಯ ಮಗ ಬೆಳಿಗ್ಗೆಯೇ ಕೆಲಸಕ್ಕೆ ಹೋಗಿದ್ದ. ಕೂಗಿದೆ, ತಟ್ಟಿದೆ. "ಆ... ಆ..." ಅನ್ನುವುದೊಂದೇ. ಕಾಣದ ಗಾಳಿಯ ವಿಷಯ ಕೂಗಿ ಹೇಳಿ ಪ್ರಯೋಜನವಿಲ್ಲ ಎಂದು ಗೊತ್ತಿತ್ತು. ಆಗ ನನಗೆ ಆ ಮಾತು ಎಲ್ಲಿಂದ ಬಂತೋ ಗೊತ್ತಿಲ್ಲ.

"ಅಜ್ಜಿ, ಗಂಗಮ್ಮ ಬಂದವ್ಳೆ. ಮಗೂನ ಎತ್ಕೊಂಡವ್ಳೆ. ಎಷ್ಟು ಚೆನ್ನಾಗೈತೆ, ಎಷ್ಟು ಚೆನ್ನಾಗೈತೆ ಅಂತಾವ್ಳೆ."

ಒಳಗೆ ಏನೋ ಉರುಳಿತು. ಚೊಂಬು ಇರಬೇಕು. ಗೋಡೆ ಹಿಡಿದುಕೊಂಡು ತೆವಳುವ ಸದ್ದು, ನಡುವೆ ಗಂಗಮ್ಮನ ವಂಶಕ್ಕೆಲ್ಲ ತೆಲುಗಿನಲ್ಲಿ ಬೈಗುಳ. ಚಿಲಕ ಸರಿಯಿತು. ಬಾಗಿಲು ತಳ್ಳಿದೆ, ಅಜ್ಜಿ ಹೊಸ್ತಿಲಿನ ಮೇಲೆಯೇ ಕುಸಿದು ಕುಳಿತರು. ಅವರ ಹಿಂದೆ ಪವಿತ್ರ ಗೋಡೆಗೊರಗಿ ಕುಳಿತಿದ್ದಳು. ಕಣ್ಣು ಅರ್ಧ ತೆರೆದಿತ್ತು. ನಾನು ಹೆಸರು ಹಿಡಿದು ಕೂಗಿದರೂ ನೋಡಲಿಲ್ಲ. ಉಸಿರು ಇತ್ತು. ಅದನ್ನು ಕೈಯಿಟ್ಟು ನೋಡಿಕೊಂಡೆ.

ನನ್ನ ಕೂಗು ಕೇಳಿ ನಿಜವಾದ ಗಂಗಮ್ಮ ಓಡಿ ಬಂದಿದ್ದರು. ಗಟ್ಟಿಮುಟ್ಟಾದ ಹೆಂಗಸು. ಏನು ಎತ್ತ ಎಂದು ಕೇಳಲಿಲ್ಲ. ಉಸಿರು ಬಿಗಿಹಿಡಿದು ನಾವಿಬ್ಬರೂ ಪವಿತ್ರಾಳ ಕಂಕುಳಿಗೆ ಕೈ ಹಾಕಿ ಅಂಗಳಕ್ಕೆ ಎಳೆದುಕೊಂಡು ಬಂದೆವು. ಸೀರೆ ಹೊದಿಸಿ, ಗಾಳಿ ಬೀಸುವ ಕಡೆಗೇ ಮಲಗಿಸಿದೆವು. ಆಮೇಲೆ ಅಜ್ಜಿಯನ್ನು ತಂದೆವು. ಯಾವ ಗಾಳಿ ಸೋಕಬಾರದು ಎಂದು ಅಷ್ಟು ಸೀರೆ ತುರುಕಿದ್ದರೋ ಆ ಗಾಳಿಯಲ್ಲೇ ಇಬ್ಬರೂ ಮಲಗಿದ್ದರು. ಪವಿತ್ರ ಮೊದಲು ಕೆಮ್ಮಿದಳು, ವಾಂತಿ ಮಾಡಿಕೊಂಡಳು, ಆಮೇಲೆ "ಮಗು" ಎಂದಳು. ಆ ಮಾತು ಕೇಳಿದ ಮೇಲೆ ನಾನು ನೆಲದ ಮೇಲೆ ಕುಳಿತೆ.

ಅಜ್ಜಿ ಕಣ್ಣು ಬಿಟ್ಟಾಗ ಅವರ ಮುಖದ ಮೇಲೆ ಬಾಗಿ ಮೊರದಿಂದ ಗಾಳಿ ಹಾಕುತ್ತಿದ್ದವರು ಗಂಗಮ್ಮ. ಅಜ್ಜಿ ಒಂದು ಕ್ಷಣ ನೋಡಿ, ಮತ್ತೆ ಕಣ್ಣು ಮುಚ್ಚಿಕೊಂಡರು.

ಗಂಗಮ್ಮನ ಮಗನ ವ್ಯಾನಿನಲ್ಲಿ ಮುಳಬಾಗಿಲಿನ ಆಸ್ಪತ್ರೆಗೆ ಹೋದೆವು. ಇಬ್ಬರಿಗೂ ಆಕ್ಸಿಜನ್ ಹಾಕಿದರು. ಹೊರಗೆ ಬಂದು ಸರಿಹೋದ ಹಾಗೆ ಕಂಡರೂ ಆಸ್ಪತ್ರೆಗೆ ತರಲೇಬೇಕು, ತಂದದ್ದು ಒಳ್ಳೆಯದಾಯಿತು ಎಂದರು ಡಾಕ್ಟರು. ಮೂಗಿಗೆ ಮುಖವಾಡ ಹಾಕಿಕೊಂಡು ಮಲಗಿದ್ದ ಅಜ್ಜಿ ಅದನ್ನು ಸ್ವಲ್ಪ ಎತ್ತಿ ನರ್ಸನ್ನು ಕೇಳಿದ್ದು ಇಷ್ಟು: "ಇದರಲ್ಲಿ ಏನು ಬರ್ತೈತೆ ತಲ್ಲೀ? ಕಾಣ್ತಾನೇ ಇಲ್ಲ, ವಾಸನೇನೂ ಇಲ್ಲ."

ನರ್ಸ್ ಉತ್ತರ ಕೊಡುವ ಮೊದಲೇ ಅಜ್ಜಿ ತಲೆ ತಿರುಗಿಸಿ ನನ್ನ ಕಡೆ ನೋಡಿದರು. ಮುಖವಾಡವನ್ನು ತಾವೇ ಸರಿಯಾಗಿ ಹಾಕಿಕೊಂಡರು.

ಅವರು ಮನೆಗೆ ಬಂದ ಮೇಲೆ ಒಲೆ ಒಡೆದು ಮತ್ತೆ ಕಟ್ಟಿದೆ. ಬಾಯಿ ಹೊರಗೆ, ಬೀದಿಯ ಕಡೆಗೆ. ಒಳಗೆ ನೀರು ಮಾತ್ರ. ಒಳಗಿದ್ದ ಹಳೆಯ ಬಾಯಿಯನ್ನು ಇಟ್ಟಿಗೆಯಿಂದ ಮುಚ್ಚಿ ಗಾರೆ ಮಾಡಿದೆ. ಅಜ್ಜಿ ಕುರ್ಚಿ ಹಾಕಿಸಿಕೊಂಡು ಕುಳಿತು ಪ್ರತಿ ಇಟ್ಟಿಗೆಯನ್ನೂ ನೋಡಿದರು. ಒಂದೇ ಒಂದು ಬೇಡಿಕೆ ಇಟ್ಟರು: ಗಡಿಗೆಯನ್ನು ಎಸೆಯಬಾರದು. ತಾರಸಿಯ ಗೋಡೆಯ ಮೇಲೆ, ಕೊಳವೆಯಿಂದ ದೂರದಲ್ಲಿ, ಒಂದು ಕೋಲಿಗೆ ಅದನ್ನು ಸಿಕ್ಕಿಸಿದೆ. ಮೊದಲು ಅದರ ಮುಖ ಗಂಗಮ್ಮನ ಮನೆಯ ಕಡೆಗಿತ್ತು. "ಅಂಗೆ ಬೇಡ, ಕೊಳವೆ ಕಡೆ ತಿರುಗ್ಸು" ಎಂದರು ಅಜ್ಜಿ. ಈಗಲೂ ಅದು ಮೀಸೆ ಬಿಟ್ಟುಕೊಂಡು ಕೊಳವೆಯನ್ನೇ ನೋಡುತ್ತಿದೆ.

ಆ ಮೇಲೆ ನಾನು ಕರಣೆ ಕೆಳಗಿಟ್ಟೆ. ಮಂಡಿ ಕಾರಣ ಎಂದು ಎಲ್ಲರಿಗೂ ಹೇಳಿದೆ. ಮಂಡಿಯೂ ಒಂದು ಕಾರಣ.

ಅಜ್ಜಿ ಈಗ ನನಗೆ ಫೋನ್ ಮಾಡುತ್ತಾರೆ. ಬೆಳಿಗ್ಗೆ ಒಲೆ ಹಚ್ಚಿದ ಮೇಲೆ, "ರತ್ನಮ್ಮಾ, ಹೊಗೆ ಮೇಲಕ್ಕೆ ಹೋಗ್ತಾ ಐತೆ" ಎಂದು ಹೇಳಿ ಇಟ್ಟುಬಿಡುತ್ತಾರೆ. ಹೇಗಿದ್ದೀಯ ಎಂದು ಕೂಡ ಕೇಳುವುದಿಲ್ಲ. ಬೀದಿಯ ಬೇರೆ ಮನೆಗಳ ಕೊಳವೆಗಳ ಸುದ್ದಿಯೂ ಒಂದೊಂದು ದಿನ ಬರುತ್ತದೆ. ಕಳೆದ ವಾರ ಮಾಡಿದಾಗ ಧ್ವನಿ ಸ್ವಲ್ಪ ಬೇರೆ ಇತ್ತು.

"ಇವತ್ತು ಗಂಗಮ್ಮನ ಕೊಳವೇಲಿ ಹೊಗೆ ಇರ್ಲಿಲ್ಲ ಕಣಮ್ಮ. ಬಚ್ಚಲಲ್ಲಿ ನೀರು ಹುಯ್ಕೊಳ್ಳೋ ಸದ್ದು ಕೇಳ್ತು. ಆಮೇಲೆ ಅದೂ ನಿಂತೋಯ್ತು."

"ಅಯ್ಯೋ. ನೀವೇನ್ ಮಾಡಿದ್ರಿ?"

"ಏನ್ ಮಾಡ್ಲಿ? ಹೋಗಿ ಬಾಗಿಲು ಒದ್ದೆ. ಅವರದು ಹಳೇ ಬಾಗಿಲು, ಬಿದ್ದೇ ಹೋಯ್ತು."

"ಒಳಗೆ ಯಾರಿದ್ರು?"

"ಗಂಗಮ್ಮನ ಗಂಡ. ಮೈಯೆಲ್ಲಾ ಸೋಪು ಹಚ್ಕೊಂಡು ನಿಂತಿದ್ದ. ನಾನು ಕೈ ಹಿಡ್ದು ಹೊರಗೆ ಎಳೆದೆ. ಬರಲ್ಲ ಬರಲ್ಲ ಅಂತಾನೆ. ಅಂಗಳದ ತನಕ ಎಳ್ಕೊಂಡು ಬಂದ್ಮೇಲೆ ಹೇಳ್ತಾನೆ, ಸೋಲಾರ್ ಹಾಕ್ಸಿದೀವಿ ಅಂತ. ನಿನ್ನೆ ಹಾಕ್ಸಿದ್ದಂತೆ. ನಂಗೆ ಯಾರು ಹೇಳ್ಬೇಕು?"

ನಾನು ನಗು ತಡೆದುಕೊಳ್ಳಲು ಫೋನನ್ನು ಸ್ವಲ್ಪ ದೂರ ಹಿಡಿದೆ. ಆಮೇಲೆ ಕೇಳಿದೆ: "ಗಂಗಮ್ಮ ಬೈದ್ರಾ?"

"ಇಲ್ಲ. ಕೂತ್ಕೋ ಅಂದ್ಳು. ಕಾಫಿ ಕೊಟ್ಳು."

ಅವರ ಒಲೆಯಲ್ಲಿ ಕಡ್ಡಿ ಚಟಪಟ ಅನ್ನುವುದು ನನಗೆ ಕೇಳಿಸುತ್ತಿತ್ತು.

"ಕುಡಿದೆ" ಎಂದು ಹೇಳಿ ಫೋನ್ ಇಟ್ಟರು.